ಮಾಡೆಲ್ ಕೊಟ್ಟರೆ ಸಾಲದು, ಕಾರಣವನ್ನೂ ಕೊಡಬೇಕು

1981ರ ಜುಲೈ 17ರ ಸಂಜೆ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ವಿಶಾಲ ಒಳಾಂಗಣದಲ್ಲಿ ನೃತ್ಯಕೂಟ ನಡೆದಿತ್ತು. ಒಳಾಂಗಣದ ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಲು, ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಬಿಟ್ಟ ನಡೆಸೇತುವೆಗಳಿದ್ದವು. ನಾಲ್ಕನೇ ಮಹಡಿಯ ಸೇತುವೆ ಕಳಚಿ ನೇರ ಕೆಳಗಿದ್ದ ಎರಡನೇ ಮಹಡಿಯ ಸೇತುವೆಯ ಮೇಲೆ ಬಿತ್ತು. ಎರಡೂ ಸೇರಿ ಜನರ ಮೇಲೆ ಕುಸಿದವು. 114 ಮಂದಿ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು.

ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಒಂದು ಸಣ್ಣ ಬದಲಾವಣೆ. ಮೂಲ ವಿನ್ಯಾಸದಲ್ಲಿ ಒಂದೇ ಉದ್ದನೆಯ ಸರಳು ಚಾವಣಿಯಿಂದ ಇಳಿದು, ನಾಲ್ಕನೇ ಮಹಡಿಯ ಸೇತುವೆಯ ತೊಲೆಯನ್ನು ತೂರಿ, ಎರಡನೇ ಮಹಡಿಯ ಸೇತುವೆಯವರೆಗೂ ಹೋಗುತ್ತಿತ್ತು. ನಡುವೆ ನಟ್ ಕೂರಿಸಬೇಕಾದರೆ ಸರಳಿಗೆ ಬಹಳ ಉದ್ದಕ್ಕೆ ಥ್ರೆಡ್ ಹಾಕಬೇಕು. ಅದು ಕಷ್ಟದ ಕೆಲಸ. ಉಕ್ಕಿನ ಕೆಲಸ ಹಿಡಿದ ಕಂಪನಿ ಒಂದು ಸರಳಿನ ಬದಲು ಎರಡನ್ನು ಸೂಚಿಸಿತು: ಒಂದು ಚಾವಣಿಯಿಂದ ನಾಲ್ಕನೇ ಮಹಡಿಯ ತೊಲೆಗೆ, ಇನ್ನೊಂದು ಆ ತೊಲೆಯಿಂದಲೇ ಎರಡನೇ ಮಹಡಿಗೆ. ಮೊದಲು ನಾಲ್ಕನೇ ಮಹಡಿಯ ನಟ್ ತನ್ನ ಸೇತುವೆಯ ಭಾರವನ್ನಷ್ಟೇ ಹೊರಬೇಕಿತ್ತು. ಈಗ ಎರಡೂ ಸೇತುವೆಗಳ ಭಾರ ಅದರ ಪಾಲಾಯಿತು. ಮೂಲ ವಿನ್ಯಾಸವೇ ನಗರದ ಕಟ್ಟಡ ಸಂಹಿತೆ ಬಯಸಿದ ಬಲದ ಸುಮಾರು ಶೇ 60ರಷ್ಟಿತ್ತು. ಬದಲಾವಣೆಯ ನಂತರ ಅದರ ಅರ್ಧಕ್ಕೆ ಇಳಿಯಿತು. ತಯಾರಿಕೆಯ ವಿವರ ನಕ್ಷೆಯ (ಶಾಪ್ ಡ್ರಾಯಿಂಗ್) ಮೇಲೆ ವಿನ್ಯಾಸ ಮಾಡಿದ ಎಂಜಿನಿಯರ್‌ಗಳ ಮುದ್ರೆಯೂ ಬಿದ್ದಿತ್ತು. ಆ ಜೋಡಣೆಯ ಲೆಕ್ಕವನ್ನು ಮಾತ್ರ ಯಾರೂ ಮತ್ತೆ ಹಾಕಿ ನೋಡಲಿಲ್ಲ.

ಕಟ್ಟಡ ನಿರ್ಮಾಣದಲ್ಲಿ ಮಾಹಿತಿಯ ಹಂಚಿಕೆ ಎಂಬ ವಿಷಯ ಬಂದಾಗಲೆಲ್ಲ ಈ ಸರಳನ್ನು ನೆನಪಿಗೆ ತಂದುಕೊಳ್ಳಬೇಕು. ಇದೇ ಕೆಲಸ ಇಂದು ಆಗಿದ್ದರೆ ಕಾಗದದ ನಕ್ಷೆಯಲ್ಲಿ ನಡೆಯದೆ ಕಂಪ್ಯೂಟರಿನ ಮೂರು ಆಯಾಮದ ಮಾಡೆಲ್‌ನಲ್ಲಿ ನಡೆಯುತ್ತಿತ್ತು. ಎರಡೂ ಕಡೆಯವರು ಒಂದೇ ಪರದೆಯಲ್ಲಿ ಸರಳನ್ನು ತಿರುಗಿಸಿ ನೋಡುತ್ತಿದ್ದರು. ಆದರೂ ಒಂದಕ್ಕೊಂದು ಢಿಕ್ಕಿ ಹೊಡೆಯುವ ಭಾಗಗಳನ್ನು ಹುಡುಕುವ ಸಾಫ್ಟ್‌ವೇರ್ ಇಲ್ಲಿ ತಪ್ಪು ಹಿಡಿಯುತ್ತಿರಲಿಲ್ಲ, ಏಕೆಂದರೆ ಆ ಎರಡು ಸರಳುಗಳು ಯಾವುದಕ್ಕೂ ಢಿಕ್ಕಿ ಹೊಡೆಯುವುದಿಲ್ಲ. ಆಕಾರ ಸರಿಯಾಗಿಯೇ ಇತ್ತು. ಆ ಆಕಾರ ಯಾವ ಕಾರಣಕ್ಕೆ ಹಾಗಿರಬೇಕು, ಬದಲಾದರೆ ಯಾರು ಮತ್ತೆ ಲೆಕ್ಕ ಹಾಕಬೇಕು ಎಂಬುದು ಒಬ್ಬರಿಂದ ಇನ್ನೊಬ್ಬರಿಗೆ ತಲುಪಲಿಲ್ಲ. ಮಾಡೆಲ್ ಹಂಚಿಕೊಳ್ಳುವುದೆಂದರೆ ಈ ಕಾರಣವನ್ನೂ ಹೊಣೆಯನ್ನೂ ಹಂಚಿಕೊಳ್ಳುವುದು. ಅದನ್ನು ಬಿಟ್ಟು ಫೈಲನ್ನಷ್ಟೇ ಕಳಿಸಿದರೆ ಅಪಾಯ ಹಾಗೆಯೇ ಉಳಿಯುತ್ತದೆ.

ಒಂದು ಗೋಡೆ, ಐದು ನೋಟ

ಕಟ್ಟಡವನ್ನು ಗೆರೆಗಳಾಗಿ ಬರೆಯದೆ ವಸ್ತುಗಳಾಗಿ ಕಂಪ್ಯೂಟರಿಗೆ ತಿಳಿಸಬೇಕು ಎಂಬ ಯೋಚನೆಗೆ ಐವತ್ತು ವರ್ಷ ದಾಟಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಈಸ್ಟ್‌ಮನ್ ಮತ್ತು ಸಂಗಡಿಗರು 1974ರಲ್ಲಿ ಅಂಥ ಒಂದು ವ್ಯವಸ್ಥೆಯನ್ನು ವಿವರಿಸಿದರು. ಗೋಡೆಯನ್ನು ಒಂದು ಕಡೆ ಬದಲಿಸಿದರೆ ಪ್ಲಾನ್, ಸೆಕ್ಷನ್, ಸಾಮಗ್ರಿಗಳ ಪಟ್ಟಿ ಎಲ್ಲದರಲ್ಲೂ ಅದು ತಾನಾಗಿ ಬದಲಾಗಬೇಕು ಎಂಬುದು ಅವರ ಆಶಯ. ಇಂದು ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಚಿಕ್ಕದಾಗಿ ‘ಬಿಮ್’, ಎಂದು ಕರೆಯುವುದು ಇದನ್ನೇ. ಇದು ಕನ್ನಡ ನಾಡಿಗೆ ದೂರದ ಸಂಗತಿಯೇನಲ್ಲ. ಬ್ರಿಟನ್, ಕೊಲ್ಲಿ ದೇಶಗಳು ಮತ್ತು ಆಸ್ಟ್ರೇಲಿಯಾದಲ್ಲಿ ಏಳುವ ಎಷ್ಟೋ ಕಟ್ಟಡಗಳ ಮಾಡೆಲ್‌ಗಳನ್ನು ಬೆಂಗಳೂರಿನ ವಿನ್ಯಾಸ ಕಚೇರಿಗಳಲ್ಲಿ ಕೂತ ನಮ್ಮ ಎಂಜಿನಿಯರ್‌ಗಳೇ ತಯಾರಿಸುತ್ತಾರೆ.

ಹಂಚಿಕೆಯ ಮೊದಲ ತೊಡಕು ಇರುವುದು ಸಾಫ್ಟ್‌ವೇರಿನಲ್ಲಲ್ಲ, ನೋಟದಲ್ಲಿ. ಒಂದು ಗೋಡೆಯನ್ನೇ ತೆಗೆದುಕೊಳ್ಳಿ. ವಾಸ್ತುಶಿಲ್ಪಿಗೆ ಅದು ಕೋಣೆಯ ಎಲ್ಲೆ. ಅದರ ಮೇಲಿನ ಪ್ಲಾಸ್ಟರ್ ಮತ್ತು ಬಣ್ಣ ಅವರಿಗೆ ಮುಖ್ಯ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಬೇಕಾದ ಉತ್ತರ ಒಂದೇ: ಇದು ಭಾರ ಹೊರುತ್ತದೋ ಇಲ್ಲವೋ? ಹವಾನಿಯಂತ್ರಣದ ಲೆಕ್ಕ ಹಾಕುವವರಿಗೆ ಗೋಡೆಯೆಂದರೆ ಶಾಖ ದಾಟುವ ಒಂದು ಮೈ. ಅಗ್ನಿ ಸುರಕ್ಷತೆ ನೋಡುವವರು ಅದು ಬೆಂಕಿಯನ್ನು ಎಷ್ಟು ಗಂಟೆ ತಡೆಯುತ್ತದೆ ಎಂದು ಕೇಳುತ್ತಾರೆ. ಕೆಲಸದ ಪ್ರಮಾಣಪಟ್ಟಿ (ಬಿಒಕ್ಯೂ) ತಯಾರಿಸುವವರಿಗೆ ಇಷ್ಟು ಘನ ಮೀಟರ್ ಇಟ್ಟಿಗೆ ಕೆಲಸ, ಇಷ್ಟು ಚದರ ಮೀಟರ್ ಗಾರೆ. ಐವರೂ ನೋಡುತ್ತಿರುವುದು ಒಂದೇ ಗೋಡೆ. ಐವರ ಮಾಡೆಲ್‌ನಲ್ಲೂ ಅದು ಬೇರೆ ಬೇರೆ ವಸ್ತು.

ಈ ಭಿನ್ನತೆ ಅರಿಯದೆ ಮಾಡೆಲ್‌ಗಳನ್ನು ಬೆರೆಸಿದರೆ ತಪ್ಪುಗಳು ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಕಾಂಕ್ರೀಟ್ ಕಂಬವನ್ನು ವಾಸ್ತುಶಿಲ್ಪಿಯೂ ಬಿಡಿಸಿರುತ್ತಾರೆ, ಸ್ಟ್ರಕ್ಚರಲ್ ಎಂಜಿನಿಯರೂ ಬಿಡಿಸಿರುತ್ತಾರೆ. ಎರಡನ್ನೂ ಸೇರಿಸಿ ಪ್ರಮಾಣ ತೆಗೆದರೆ ಕಾಂಕ್ರೀಟಿನ ಲೆಕ್ಕ ಇಮ್ಮಡಿ. ವಾಸ್ತುಶಿಲ್ಪಿ ನೆಲದ ಮಟ್ಟವನ್ನು ಟೈಲ್ಸ್ ಹಾಸಿದ ಮೇಲಿನ ಮಟ್ಟವಾಗಿ ಹಿಡಿಯುತ್ತಾರೆ, ಸ್ಟ್ರಕ್ಚರಲ್ ಎಂಜಿನಿಯರ್ ಸ್ಲ್ಯಾಬಿನ ಮೇಲ್ಮೈಯಾಗಿ ಹಿಡಿಯುತ್ತಾರೆ. ಆ ಅಂತರ ಯಾರ ಮಾಡೆಲ್‌ನಲ್ಲಿ ಎಲ್ಲಿದೆ ಎಂದು ಮೊದಲೇ ಗೊತ್ತುಮಾಡದಿದ್ದರೆ ಬಾಗಿಲಿನ ಎತ್ತರದಿಂದ ಹಿಡಿದು ಶೌಚಾಲಯದ ಇಳಿಜಾರಿನವರೆಗೆ ಎಲ್ಲವೂ ತಪ್ಪುತ್ತದೆ. ಒಬ್ಬರು ಕಂಬವನ್ನು ಮಹಡಿಮಹಡಿಗೆ ತುಂಡಾಗಿ ಮಾಡಿರುತ್ತಾರೆ, ಇನ್ನೊಬ್ಬರು ತಳದಿಂದ ತಾರಸಿವರೆಗೆ ಒಂದೇ ಉದ್ದಕ್ಕೆ ಎಳೆದಿರುತ್ತಾರೆ. ಎರಡನೆಯ ಬಗೆಯಲ್ಲಿ, ಮೂರನೇ ಮಹಡಿಯ ಕಾಂಕ್ರೀಟ್ ಎಷ್ಟು ಎಂದು ಕೇಳಿದರೆ ಕಂಪ್ಯೂಟರ್‌ಗೆ ಉತ್ತರವಿಲ್ಲ.

ಜಾಗದ ವಿಷಯವೂ ಹಾಗೆಯೇ. ವಾಸ್ತುಶಿಲ್ಪಿ ತನ್ನ ಕೆಲಸಕ್ಕೆ ಅನುಕೂಲವಾದ ಕಡೆ ಸೊನ್ನೆ ಬಿಂದು ಇಟ್ಟುಕೊಂಡು, ಕಟ್ಟಡವನ್ನು ಪರದೆಗೆ ನೇರವಾಗಿ ನಿಲ್ಲಿಸಿರುತ್ತಾರೆ. ರಸ್ತೆ ಮತ್ತು ಚರಂಡಿ ವಿನ್ಯಾಸ ಮಾಡುವವರು ಸರ್ವೆಯ ನಿಜ ನಿರ್ದೇಶಾಂಕದಲ್ಲಿ, ನಿಜವಾದ ಉತ್ತರ ದಿಕ್ಕಿಗೆ ಕೆಲಸ ಮಾಡುತ್ತಾರೆ. ಎರಡು ಫೈಲನ್ನೂ ಒಟ್ಟಿಗೆ ತೆರೆದರೆ ಕಟ್ಟಡ ಒಂದು ಕಡೆ, ಅದಕ್ಕೆ ಹೋಗುವ ರಸ್ತೆ ಕಿಲೋಮೀಟರುಗಟ್ಟಲೆ ದೂರದಲ್ಲಿ. ಊರ ಹೊಲಗಳ ಅಳತೆಗೆಲ್ಲ ಬಾಂದುಕಲ್ಲು ಆಧಾರವಾದ ಹಾಗೆ, ಯೋಜನೆಯ ಮೊದಲ ದಿನವೇ ಎಲ್ಲ ತಂಡಗಳೂ ಒಪ್ಪಿದ ಒಂದು ಮೂಲಬಿಂದು ಬೇಕು. ಅರ್ಧ ಗಂಟೆಯ ಸಭೆಯಲ್ಲಿ ಮುಗಿಯುವ ಈ ಕೆಲಸವನ್ನು ಬಿಟ್ಟರೆ ಆಮೇಲೆ ವಾರಗಟ್ಟಲೆ ಪರದಾಡಬೇಕಾಗುತ್ತದೆ.

ಎಲ್ಲರೂ ಓದಬಲ್ಲ ಫೈಲ್

ಒಪ್ಪಂದ ಆದ ಮೇಲೆ ಸಾಫ್ಟ್‌ವೇರಿನ ಪ್ರಶ್ನೆ ಬರುತ್ತದೆ. ವಾಸ್ತುಶಿಲ್ಪಿ ರೆವಿಟ್ ಅಥವಾ ಆರ್ಕಿಕ್ಯಾಡ್ ಬಳಸುತ್ತಾರೆ, ಉಕ್ಕಿನ ಕೆಲಸದವರು ಟೆಕ್ಲಾ, ರಸ್ತೆ ಮತ್ತು ರೈಲಿನವರು ಬೆಂಟ್ಲಿ ಕಂಪನಿಯದು. ಒಂದರ ಫೈಲ್ ಇನ್ನೊಂದರಲ್ಲಿ ಸರಿಯಾಗಿ ತೆರೆಯುವುದಿಲ್ಲ. ಎಲ್ಲರೂ ಒಂದೇ ಕಂಪನಿಯ ಸಾಫ್ಟ್‌ವೇರ್ ಕೊಂಡರೆ ಆಯಿತಲ್ಲ ಎಂದು ಅನೇಕರು ಹೇಳುತ್ತಾರೆ. ವಿಮಾನ ತಯಾರಿಸುವ ಏರ್‌ಬಸ್ ಕಂಪನಿಯ ಅನುಭವ ಇದಕ್ಕೆ ಉತ್ತರ. ಎ380 ವಿಮಾನಕ್ಕೆ ಜರ್ಮನಿಯ ಹ್ಯಾಂಬರ್ಗ್‌ನವರೂ ಫ್ರಾನ್ಸಿನ ಟುಲೂಸ್‌ನವರೂ ಕ್ಯಾಟಿಯಾ ಎಂಬ ಒಂದೇ ಸಾಫ್ಟ್‌ವೇರನ್ನೇ ಬಳಸುತ್ತಿದ್ದರು. ಆದರೆ ಒಬ್ಬರದು 4ನೇ ಆವೃತ್ತಿ, ಇನ್ನೊಬ್ಬರದು 5ನೆಯದು. ಒಂದೊಂದು ವಿಮಾನದಲ್ಲೂ ಸುಮಾರು 530 ಕಿಲೋಮೀಟರ್ ತಂತಿ. ಹ್ಯಾಂಬರ್ಗ್‌ನಿಂದ ಬಂದ ತಂತಿಯ ಕಟ್ಟುಗಳು ಟುಲೂಸ್‌ನಲ್ಲಿ ಜೋಡಿಸಲು ಹೋದಾಗ ಉದ್ದ ಸಾಲದೆ ನಿಂತವು. 2006ರಲ್ಲಿ ಕಂಪನಿ ಮತ್ತೆ ಮತ್ತೆ ವಿಳಂಬ ಘೋಷಿಸಬೇಕಾಯಿತು.

ಕಟ್ಟಡ ಕ್ಷೇತ್ರದಲ್ಲಿ ಇದಕ್ಕೆ ಕಂಡುಕೊಂಡ ದಾರಿ ಐಎಫ್‌ಸಿ, ಅಂದರೆ ಇಂಡಸ್ಟ್ರಿ ಫೌಂಡೇಷನ್ ಕ್ಲಾಸಸ್. ಯಾವ ಒಂದು ಕಂಪನಿಗೂ ಸೇರದ ಮುಕ್ತ ಮಾದರಿ ಇದು. 1994ರಲ್ಲಿ ಅಮೆರಿಕದ 12 ಕಂಪನಿಗಳು ಸೇರಿ ಇದರ ಕೆಲಸ ಆರಂಭಿಸಿದವು. ಮುಂದೆ ಅದು ಅಂತರರಾಷ್ಟ್ರೀಯ ಕೂಟವಾಗಿ ಬೆಳೆದು ಈಗ ಬಿಲ್ಡಿಂಗ್‌ಸ್ಮಾರ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 2013ರಲ್ಲಿ ಐಎಫ್‌ಸಿ ಐಎಸ್‌ಒ 16739 ಎಂಬ ಪೂರ್ಣ ಮಾನದಂಡವಾಯಿತು. 2024ರ ಆವೃತ್ತಿಯಲ್ಲಿ ರಸ್ತೆ, ರೈಲು, ಸೇತುವೆ, ಬಂದರುಗಳೂ ಸೇರಿವೆ.

ಐಎಫ್‌ಸಿ ಫೈಲನ್ನು ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು; ಅದು ಬರೀ ಅಕ್ಷರಗಳ ಫೈಲ್. ಒಂದೊಂದು ಸಾಲೂ ಒಂದು ವಸ್ತುವನ್ನೋ ಸಂಬಂಧವನ್ನೋ ಹೇಳುತ್ತದೆ. ಇದು ಗೋಡೆ, ಇದು ಈ ಮಹಡಿಗೆ ಸೇರಿದ್ದು, ಈ ಮಹಡಿ ಈ ಕಟ್ಟಡದ್ದು, ಕಟ್ಟಡ ಈ ನಿವೇಶನದ್ದು. ಗೋಡೆಯಲ್ಲಿ ಈ ತೆರಪಿದೆ, ತೆರಪನ್ನು ಈ ಬಾಗಿಲು ತುಂಬಿದೆ. ಗೋಡೆ ಹೊರಗಿನದೋ ಒಳಗಿನದೋ, ಭಾರ ಹೊರುತ್ತದೋ ಇಲ್ಲವೋ, ಬೆಂಕಿಯನ್ನು ಎಷ್ಟು ಹೊತ್ತು ತಡೆಯುತ್ತದೆ ಎಂಬುದಕ್ಕೆಲ್ಲ ಗೊತ್ತುಪಡಿಸಿದ ಜಾಗಗಳಿವೆ. ಪ್ರತಿ ವಸ್ತುವಿಗೂ 22 ಅಕ್ಷರಗಳ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಕೊನೆಯವರೆಗೂ ಬದಲಾಗದೆ ಉಳಿದರೆ, ಎರಡು ವರ್ಷದ ಹಿಂದೆ ಚರ್ಚೆಯಾದ ಬಾಗಿಲು ಯಾವುದೆಂದು ಇವತ್ತೂ ಬೆರಳಿಟ್ಟು ತೋರಿಸಬಹುದು.

ಜಾಗಗಳಿವೆ ಎಂದ ಮಾತ್ರಕ್ಕೆ ಅವು ತುಂಬಿರುತ್ತವೆ ಎಂದಲ್ಲ. ಅವಸರದಲ್ಲಿ ಐಎಫ್‌ಸಿಗೆ ಪರಿವರ್ತಿಸಿದ ಫೈಲನ್ನು ತೆರೆದರೆ ಬೆಂಕಿ ತಡೆಯುವ ಅವಧಿಯ ಜಾಗ ಖಾಲಿ ಇರುತ್ತದೆ. ಏನೆಂದು ಹೇಳದ ವಸ್ತುಗಳೆಲ್ಲ ‘ಪ್ರಾಕ್ಸಿ’ ಎಂಬ ಹೆಸರಿನಲ್ಲಿ ಬಂದು ಕೂತಿರುತ್ತವೆ. ಪಂಪು, ಬೇಲಿ, ಕೈಹಿಡಿ ಎಲ್ಲಕ್ಕೂ ಅದೇ ಹೆಸರು. ಕಣ್ಣಿಗೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಆದರೆ ಕಟ್ಟಡದಲ್ಲಿ ಎಷ್ಟು ಪಂಪುಗಳಿವೆ ಎಂದು ಕೇಳಿದರೆ ಸೊನ್ನೆ ಎಂಬ ಉತ್ತರ. ಯಾವ ವಸ್ತುವಿಗೆ ಯಾವ ಮಾಹಿತಿ ಬೇಕೇಬೇಕು ಎಂಬುದನ್ನು ಕಂಪ್ಯೂಟರೇ ಓದಿ ಪರೀಕ್ಷಿಸುವಂತೆ ಬರೆದಿಡಲು ಬಿಲ್ಡಿಂಗ್‌ಸ್ಮಾರ್ಟ್ ಐಡಿಎಸ್ ಎಂಬ ಕ್ರಮವನ್ನು 2024ರಲ್ಲಿ ಅಂತಿಮಗೊಳಿಸಿತು. ಕೇಳುವವರು ಏನು ಬೇಕೆಂದು ಮೊದಲು ಸ್ಪಷ್ಟಪಡಿಸಿದರೆ ಮಾತ್ರ ಇದರಿಂದ ಉಪಯೋಗ.

ಇನ್ನೊಬ್ಬರ ಮಾಡೆಲ್‌ಗೆ ಕೈ ಹಾಕಬಾರದು

ಐಎಫ್‌ಸಿ ಬಗ್ಗೆ ನಿರಾಸೆಗೊಂಡವರಲ್ಲಿ ಹೆಚ್ಚಿನವರ ದೂರು ಒಂದೇ: ವಾಸ್ತುಶಿಲ್ಪಿ ಕಳಿಸಿದ ಫೈಲನ್ನು ನಮ್ಮ ಸಾಫ್ಟ್‌ವೇರಿನಲ್ಲಿ ತೆರೆದು ತಿದ್ದಲು ಹೋದರೆ ಕೈಗೆ ಬರುವುದಿಲ್ಲ. ಹಾಗೆ ತಿದ್ದುವುದೇ ತಪ್ಪು ದಾರಿ. ವಾಸ್ತುಶಿಲ್ಪಿಯ ಗೋಡೆಯನ್ನು ಪ್ಲಂಬಿಂಗ್ ಎಂಜಿನಿಯರ್ ಸರಿಸಿದರೆ ಆ ಗೋಡೆಗೆ ಹೊಣೆ ಯಾರು? ಕಾನ್ಸಾಸ್ ಸಿಟಿಯ ಸರಳಿಗೆ ಆದದ್ದೂ ಇದೇ. ಸರಿಯಾದ ಕ್ರಮದಲ್ಲಿ ಪ್ರತಿ ತಂಡವೂ ತನ್ನ ಮಾಡೆಲನ್ನು ತಾನೇ ತಿದ್ದುತ್ತದೆ. ಬೇರೆಯವರದನ್ನು ಮುಟ್ಟದೆ ಹಿನ್ನೆಲೆಯಾಗಿ ಇಟ್ಟುಕೊಳ್ಳುತ್ತದೆ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಎಲ್ಲ ಮಾಡೆಲ್‌ಗಳನ್ನೂ ಒಂದರ ಮೇಲೊಂದು ಇಟ್ಟು ಪರಿಶೀಲಿಸುತ್ತಾರೆ.

ಆಸ್ಪತ್ರೆಯ ಒಂದು ಕಾರಿಡಾರಿನ ಫಾಲ್ಸ್ ಸೀಲಿಂಗ್ ಮೇಲೆ ಏನೇನಿರುತ್ತದೆ ನೋಡಿ. ಎಸಿ ಡಕ್ಟ್, ಸ್ಪ್ರಿಂಕ್ಲರ್ ಪೈಪು, ಆಮ್ಲಜನಕದ ಕೊಳವೆ, ಕೇಬಲ್ ಟ್ರೇ, ಮೇಲಿನ ಮಹಡಿಯ ಶೌಚಾಲಯದಿಂದ ಇಳಿಯುವ ಡ್ರೈನೇಜ್ ಪೈಪು, ಇವೆಲ್ಲದರ ನಡುವೆ ಬೀಮ್. ಇವನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದು ಸೈಟಿಗೆ ಕಳಿಸಿದರೆ ಮೊದಲು ಬಂದ ಕಂಟ್ರಾಕ್ಟರ್ ತನಗೆ ಅನುಕೂಲವಾದ ಜಾಗ ಹಿಡಿಯುತ್ತಾನೆ. ಕೊನೆಗೆ ಬಂದವನು ಸ್ಲ್ಯಾಬಿಗೋ ಬೀಮಿಗೋ ಕೋರ್ ಕಟಿಂಗ್ ಯಂತ್ರ ಹಚ್ಚುತ್ತಾನೆ. ಬೀಮಿನ ತಪ್ಪು ಜಾಗದಲ್ಲಿ ಬಿದ್ದ ತೂತು ಒಳಗಿನ ಸರಳನ್ನೇ ಕತ್ತರಿಸಬಹುದು. ಮಾಡೆಲ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರೆ ಸೆಂಟ್ರಿಂಗ್ ಹೊಡೆಯುವ ಮೊದಲೇ ಗೊತ್ತಾಗುತ್ತಿತ್ತು. ಕಾಂಕ್ರೀಟ್ ಹಾಕುವಾಗಲೇ ಸ್ಲೀವ್ ಇಟ್ಟು ದಾರಿ ಬಿಡಬಹುದಿತ್ತು.

ಹಾಗೆಂದು ಕಂಪ್ಯೂಟರ್ ಕೊಟ್ಟ ಕ್ಲ್ಯಾಶ್ ಪಟ್ಟಿಯನ್ನು ಹಾಗೆಯೇ ಎಲ್ಲರಿಗೂ ಇಮೇಲ್ ಮಾಡಿದರೆ ಕೆಲಸ ಆಗುವುದಿಲ್ಲ. ದೊಡ್ಡ ಯೋಜನೆಯ ಮೊದಲ ತಪಾಸಣೆಯಲ್ಲಿ ಸಾವಿರಾರು ಢಿಕ್ಕಿಗಳು ಬರುತ್ತವೆ. ಅವುಗಳಲ್ಲಿ ಬಹುಪಾಲು ಒಂದೇ ತಪ್ಪಿನ ಪುನರಾವರ್ತನೆ. ಯಾರು ಯಾರಿಗೆ ದಾರಿ ಬಿಡಬೇಕು ಎಂಬ ನಿಯಮ ಬೇಕು. ಡ್ರೈನೇಜ್ ಪೈಪು ಇಳಿಜಾರಿನ ಬಲದಿಂದಲೇ ಹರಿಯಬೇಕು; ಅದನ್ನು ಮೇಲಕ್ಕೆ ಬಗ್ಗಿಸಲಾಗದು, ಆದ್ದರಿಂದ ಅದಕ್ಕೆ ಮೊದಲ ಹಕ್ಕು. ನಂತರ ದೊಡ್ಡ ಗಾತ್ರದ ಡಕ್ಟ್. ಒತ್ತಡದಲ್ಲಿ ಹರಿಯುವ ನೀರಿನ ಪೈಪು ಬಳಸಿಕೊಂಡು ಹೋಗಬಹುದು. ಕೇಬಲ್ ಟ್ರೇ ಎಲ್ಲಕ್ಕಿಂತ ಸುಲಭವಾಗಿ ದಾರಿ ಬದಲಿಸುತ್ತದೆ. ಇದರ ಜತೆಗೆ, ವಾಲ್ವ್ ತಿರುಗಿಸಲು ಕೈ ಹೋಗುವಷ್ಟು, ಫಿಲ್ಟರ್ ಹೊರಗೆಳೆಯುವಷ್ಟು ಖಾಲಿ ಜಾಗವನ್ನೂ ಮಾಡೆಲ್‌ನಲ್ಲಿ ಕಾಯ್ದಿರಿಸಬೇಕು. ಮುಂದೆ ಆ ಕಟ್ಟಡ ನೋಡಿಕೊಳ್ಳುವ ಪ್ಲಂಬರನ ಪರವಾಗಿ ಸಭೆಯಲ್ಲಿ ಮಾತಾಡುವವರು ಬೇರೆ ಯಾರೂ ಇರುವುದಿಲ್ಲ.

ಸಮಸ್ಯೆ ಕಂಡಾಗ ಇಡೀ ಮಾಡೆಲನ್ನು ಮತ್ತೆ ಕಳಿಸಬೇಕಿಲ್ಲ. ಅದಕ್ಕೆಂದೇ ಬಿಸಿಎಫ್ ಎಂಬ ಪುಟ್ಟ ಫೈಲ್ ಇದೆ. ಯಾವ ಕೋನದಿಂದ ನೋಡಬೇಕು, ಯಾವ ಎರಡು ವಸ್ತುಗಳ ತಕರಾರು, ಅವುಗಳ ಗುರುತಿನ ಸಂಖ್ಯೆ, ಯಾರು ಸರಿಪಡಿಸಬೇಕು, ಏನು ತೀರ್ಮಾನವಾಯಿತು ಎಂಬುದು ಅದರಲ್ಲಿರುತ್ತದೆ. ತೆರೆದವರ ಪರದೆ ನೇರವಾಗಿ ಆ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಸಾಫ್ಟ್‌ವೇರ್ ಯಾವುದೇ ಇರಲಿ, ಇದು ಸಾಗುತ್ತದೆ. ಈ ಎಲ್ಲ ಕ್ರಮಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಪುಟ್ಟ ಫೈಲೇ. ಬದಲಾವಣೆಯ ಕಾರಣ ದಾಖಲಾಗುವುದು ಇಲ್ಲಿ.

ಖಚಿತವಾಗಿ ಕಾಣುವುದೆಲ್ಲ ಖಚಿತವಲ್ಲ

ಮೂರು ಆಯಾಮದ ಮಾಡೆಲ್‌ಗೆ ಒಂದು ಅಪಾಯಕಾರಿ ಗುಣವಿದೆ. ಪೆನ್ಸಿಲಿನ ಕರಡು ನೋಡಿದರೆ ಇದಿನ್ನೂ ಯೋಚನೆಯ ಹಂತದಲ್ಲಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಮಾಡೆಲ್‌ನಲ್ಲಿ ಹಾಗಲ್ಲ. ಲೈಬ್ರರಿಯಿಂದ ಎಳೆದು ಸುಮ್ಮನೆ ಇಟ್ಟ ಪಂಪು ಕೂಡ ಬೋಲ್ಟು, ಚಕ್ರಗಳ ಸಮೇತ ಕೊಂಡು ತಂದದ್ದರಂತೆ ಕಾಣುತ್ತದೆ. ಅದನ್ನು ನಂಬಿ ಇನ್ನೊಬ್ಬರು ಅಡಿಪಾಯದ ಅಳತೆ ಹಾಕುತ್ತಾರೆ. ಇದನ್ನು ತಡೆಯಲು ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ 2008ರ ತನ್ನ ಒಪ್ಪಂದ ಪತ್ರದಲ್ಲಿ ‘ಎಲ್‌ಒಡಿ’ ಎಂಬ ಹಂತಗಳನ್ನು ತಂದಿತು. 100 ಎಂದರೆ ಇಂಥದ್ದೊಂದು ಇರುತ್ತದೆ ಎಂಬ ಸೂಚನೆ ಮಾತ್ರ. 200 ಎಂದರೆ ಸುಮಾರಾದ ಗಾತ್ರ. 300 ಎಂದರೆ ನಿಖರ ಅಳತೆ. 400 ಎಂದರೆ ತಯಾರಿಕೆಗೆ ಸಾಕಾಗುವಷ್ಟು ವಿವರ. 500 ಎಂದರೆ ಕಟ್ಟಿದ ಮೇಲೆ ತಾಳೆ ನೋಡಿದ್ದು. ಯಾವ ಹಂತದಲ್ಲಿ ಯಾವ ವಸ್ತುವನ್ನು ಎಷ್ಟರ ಮಟ್ಟಿಗೆ ನಂಬಬಹುದು, ಅದರ ಹೊಣೆ ಯಾವ ತಂಡದ್ದು ಎಂದು ಪಟ್ಟಿ ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಹೇಳದೆ ಬಿಟ್ಟ ಮಾತು ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ‘ಎಂಜಿನಿಯರಿಂಗ್ ನ್ಯೂಸ್-ರೆಕಾರ್ಡ್’ ಪತ್ರಿಕೆ 2011ರಲ್ಲಿ ವರದಿ ಮಾಡಿದ ಒಂದು ಪ್ರಕರಣ ಸಾಕ್ಷಿ. ಅಲ್ಲಿನ ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಕಟ್ಟಡದಲ್ಲಿ ಸೀಲಿಂಗ್ ಮೇಲಿನ ಇಕ್ಕಟ್ಟಾದ ಜಾಗಕ್ಕೆ ಡಕ್ಟು, ಪೈಪುಗಳೆಲ್ಲ ಹಿಡಿಸುವಂತೆ ಮಾಡೆಲ್‌ನಲ್ಲಿ ಜೋಡಿಸಿದ್ದರು. ಪರದೆಯ ಮೇಲೆ ಒಂದು ಢಿಕ್ಕಿಯೂ ಇರಲಿಲ್ಲ. ಆದರೆ ಒಂದು ನಿರ್ದಿಷ್ಟ ಅನುಕ್ರಮದಲ್ಲಿ ಏರಿಸಿದರೆ ಮಾತ್ರ ಅವೆಲ್ಲ ಹಿಡಿಸುತ್ತವೆ ಎಂಬುದನ್ನು ವಿನ್ಯಾಸ ತಂಡ ಗುತ್ತಿಗೆದಾರನಿಗೆ ಹೇಳಿರಲಿಲ್ಲ. ಕೆಲಸ ಶೇ 70ರಷ್ಟು ಮುಗಿದಾಗ ಉಳಿದದ್ದಕ್ಕೆ ಜಾಗವೇ ಇಲ್ಲ. ಗುತ್ತಿಗೆದಾರ ಮಾಲೀಕನ ಮೇಲೆ, ಮಾಲೀಕ ವಾಸ್ತುಶಿಲ್ಪಿಯ ಮೇಲೆ ದಾವೆ ಹೂಡಿ, ಕೊನೆಗೆ ಹಣ ತೆತ್ತು ರಾಜಿ ಮಾಡಿಕೊಳ್ಳಬೇಕಾಯಿತು. ಹಯಾತ್ ಹೋಟೆಲಿನ ದುರಂತಕ್ಕೂ ಈ ನಷ್ಟಕ್ಕೂ ನಡುವೆ ಮೂವತ್ತು ವರ್ಷಗಳ ತಂತ್ರಜ್ಞಾನ ಇದೆ. ಎರಡರಲ್ಲೂ ಕೊರತೆಯಾದದ್ದು ಒಂದೇ: ಆಕಾರ ಕೈದಾಟಿತು, ಕಾರಣ ದಾಟಲಿಲ್ಲ.

ಇಂಥದ್ದೇ ಇನ್ನೊಂದು ಗೊಂದಲ ನಮ್ಮ ಸೈಟುಗಳಲ್ಲಿ ದಿನವೂ ಕಾಣುವಂಥದ್ದು. ಕಟ್ಟಲು ಒಪ್ಪಿಗೆಯಾದ (ಜಿಎಫ್‌ಸಿ) ಡ್ರಾಯಿಂಗ್ ಬರುವ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ನೋಡಿ ಮೇಸ್ತ್ರಿ ಕೆಲಸ ಶುರುಮಾಡುತ್ತಾನೆ. ಅದು ಕರಡೋ ಅಂತಿಮವೋ ಎಂದು ಆ ಚಿತ್ರ ಹೇಳುವುದಿಲ್ಲ. ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕೆ ಹೇಳುವ ಪರಿಹಾರ ಸರಳವಾಗಿದೆ. ಯೋಜನೆಯ ಎಲ್ಲ ಫೈಲ್‌ಗಳೂ ಒಂದೇ ಕಡೆ ಇರಬೇಕು. ಪ್ರತಿಯೊಂದಕ್ಕೂ ನಾಲ್ಕು ಸ್ಥಿತಿಗಳಲ್ಲಿ ಒಂದಿರಬೇಕು. ಇನ್ನೂ ತಂಡದೊಳಗೆ ಕೆಲಸ ನಡೆಯುತ್ತಿರುವುದು, ಬೇರೆ ತಂಡಗಳು ನೋಡಲೆಂದು ಹಂಚಿದ್ದು, ಒಪ್ಪಿಗೆಯಾಗಿ ಕೆಲಸಕ್ಕೆ ಬಿಟ್ಟದ್ದು, ಹಳೆಯದಾಗಿ ದಾಖಲೆಗೆ ಸೇರಿದ್ದು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸಿದವರು ಯಾರು, ಯಾವಾಗ ಎಂಬುದು ಅಲ್ಲಿಯೇ ಉಳಿಯುತ್ತದೆ. ದೊಡ್ಡ ಸಾಫ್ಟ್‌ವೇರ್ ಇಲ್ಲದೆಯೂ, ಶಿಸ್ತಾದ ಫೋಲ್ಡರುಗಳಲ್ಲೇ ಇದನ್ನು ಪಾಲಿಸಬಹುದು.

ನಷ್ಟ ತೆರುವವರು ಯಾರು?

ಈ ಎಲ್ಲ ಗೊಂದಲದ ಬೆಲೆಯನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿತು. ಸಾಫ್ಟ್‌ವೇರುಗಳ ನಡುವೆ ಮಾಹಿತಿ ಸರಿಯಾಗಿ ಸಾಗದ್ದರಿಂದ 2002ರಲ್ಲಿ ಆ ದೇಶದ ದೊಡ್ಡ ಕಟ್ಟಡ ಮತ್ತು ಸ್ಥಾವರಗಳ ಕ್ಷೇತ್ರಕ್ಕೆ ಆದ ನಷ್ಟ 1,580 ಕೋಟಿ ಡಾಲರ್. ಅದರಲ್ಲಿ 1,060 ಕೋಟಿ ಡಾಲರ್, ಅಂದರೆ ಮೂರರಲ್ಲಿ ಎರಡು ಪಾಲು, ಬಿದ್ದದ್ದು ಮಾಲೀಕರು ಮತ್ತು ಕಟ್ಟಡ ನಡೆಸುವವರ ಮೇಲೆ. ಕಾರಣ ಸ್ಪಷ್ಟವಿದೆ. ವಾಸ್ತುಶಿಲ್ಪಿ, ಎಂಜಿನಿಯರ್, ಗುತ್ತಿಗೆದಾರ ಎಲ್ಲರೂ ಕೆಲವೇ ವರ್ಷಗಳಲ್ಲಿ ಕೆಲಸ ಮುಗಿಸಿ ಹೊರಡುತ್ತಾರೆ. ಯಾವ ಗೋಡೆಯೊಳಗೆ ಯಾವ ಪೈಪು ಹೋಗಿದೆ ಎಂದು ಹುಡುಕುತ್ತ ದಶಕಗಟ್ಟಲೆ ಕಳೆಯುವವರು ಮಾಲೀಕರು.

ಮಾಹಿತಿ ಕೈತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತರು. ನಂತರ ಕಟ್ಟಡ ನಿಯಮಗಳನ್ನು ಪರಾಮರ್ಶಿಸಿದ ಡೇಮ್ ಜುಡಿತ್ ಹ್ಯಾಕಿಟ್ 2018ರ ವರದಿಯಲ್ಲಿ, ವಿನ್ಯಾಸದಿಂದ ಹಿಡಿದು ಜನ ವಾಸಿಸುವ ಕಾಲದವರೆಗೂ ಕಟ್ಟಡದ ಸುರಕ್ಷತಾ ಮಾಹಿತಿ ಡಿಜಿಟಲ್ ರೂಪದಲ್ಲಿ ಎಲ್ಲೂ ಕಡಿಯದೆ ಉಳಿಯಬೇಕು ಎಂದರು. 2022ರ ಬ್ರಿಟನ್ನಿನ ಕಟ್ಟಡ ಸುರಕ್ಷತಾ ಕಾಯ್ದೆ ಎತ್ತರದ ವಸತಿ ಕಟ್ಟಡಗಳಿಗೆ ಇದನ್ನು ಹೊಣೆಯಾಗಿಸಿತು. ಗೋಡೆಗೆ ಹೊದಿಸಿದ ಹಾಳೆ ಯಾವುದರದ್ದು, ಬೆಂಕಿಗೆ ಹೇಗೆ ನಡೆದುಕೊಳ್ಳುತ್ತದೆ, ಯಾರು ಒಪ್ಪಿದರು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕು ಎಂಬುದೇ ಇದರ ಸಾರ.

ಮಾಡೆಲ್ ಹಂಚಿಕೊಳ್ಳುವ ವ್ಯವಸ್ಥೆ ಬೇರೂರಿದ ಅನೇಕ ಕಡೆ ಅದನ್ನು ಮೊದಲು ಕೇಳಿದ್ದು ದೊಡ್ಡ ಮಾಲೀಕರು, ಅಂದರೆ ಸರ್ಕಾರಗಳು. ಫಿನ್ಲೆಂಡಿನ ಸರ್ಕಾರಿ ಆಸ್ತಿ ಸಂಸ್ಥೆ 2007ರಲ್ಲೇ ತನ್ನ ಯೋಜನೆಗಳಲ್ಲಿ ಐಎಫ್‌ಸಿ ಮಾಡೆಲ್ ಕೊಡಬೇಕೆಂದು ಷರತ್ತು ಹಾಕಿತು. ಬ್ರಿಟನ್ ಸರ್ಕಾರ 2011ರಲ್ಲಿ ಘೋಷಿಸಿ 2016ರಿಂದ ತನ್ನ ಕಾಮಗಾರಿಗಳಿಗೆ ಬಿಮ್ ಕಡ್ಡಾಯ ಮಾಡಿತು. ಸಿಂಗಪುರ 2013ರಿಂದ ಹಂತಹಂತವಾಗಿ ದೊಡ್ಡ ಕಟ್ಟಡಗಳ ಪರವಾನಗಿ ಅರ್ಜಿಯನ್ನೇ ಮಾಡೆಲ್ ರೂಪದಲ್ಲಿ ಕೇಳಿತು. ನಮ್ಮಲ್ಲೂ ನಾಗಪುರ ಮೆಟ್ರೊ ಯೋಜನೆ ಮಾಡೆಲ್‌ಗೆ ಕಾಲಪಟ್ಟಿ ಮತ್ತು ವೆಚ್ಚವನ್ನು ಜೋಡಿಸುವ ಕ್ರಮವನ್ನು ಅಳವಡಿಸಿಕೊಂಡಿತು.

ಕರ್ನಾಟಕದಲ್ಲಿ ಆಸ್ಪತ್ರೆ, ಕಾಲೇಜು, ಕೋರ್ಟ್ ಸಂಕೀರ್ಣ, ಮೆಟ್ರೊ ನಿಲ್ದಾಣಗಳಿಗೆ ಹಣ ಕೊಡುವವರು ನಾವು. ಅವುಗಳ ನಿಜವಾದ ಮಾಲೀಕರೂ ನಾವೇ. ಬೇರೆ ದೇಶಗಳ ಕಟ್ಟಡಗಳಿಗೆ ಮಾಡೆಲ್ ಮಾಡಿಕೊಡುವ ಕೌಶಲ ಬೆಂಗಳೂರಿನಲ್ಲೇ ಇರುವಾಗ, ನಮ್ಮ ಸಾರ್ವಜನಿಕ ಕಟ್ಟಡಗಳ ಟೆಂಡರ್‌ನಲ್ಲಿ ಕೆಲವು ಷರತ್ತುಗಳನ್ನು ಕೇಳಲು ಅಡ್ಡಿಯಿಲ್ಲ. ಮಾಡೆಲನ್ನು ಐಎಫ್‌ಸಿಯಲ್ಲಿ ಕೊಡಬೇಕು. ಅದನ್ನು ಬಳಸುವ ಹಕ್ಕು ಇಲಾಖೆಗೆ ಇರಬೇಕು. ಯಾವ ವಸ್ತುವಿಗೆ ಯಾವ ತಂಡ ಹೊಣೆ ಎಂಬ ಪಟ್ಟಿ ಒಪ್ಪಂದದ ಭಾಗವಾಗಬೇಕು. ಸೈಟಿನಲ್ಲಿ ಆದ ಪ್ರತಿ ಬದಲಾವಣೆಯೂ ಅದರ ಕಾರಣ ಮತ್ತು ಒಪ್ಪಿದವರ ಹೆಸರಿನೊಂದಿಗೆ ದಾಖಲಾಗಬೇಕು. ಕಟ್ಟಿದ್ದಕ್ಕೆ ತಾಳೆಯಾಗುವ ಆ್ಯಸ್-ಬಿಲ್ಟ್ ಮಾಡೆಲ್ ಪರಿಶೀಲನೆಯಾಗದೆ ಕೊನೆಯ ಬಿಲ್ ಪಾವತಿಯಾಗಬಾರದು. ಕೇಳುವ ಮಾಹಿತಿಯ ಪಟ್ಟಿ ಚಿಕ್ಕದಿರಲಿ: ಬೆಂಕಿ, ನೀರು, ವಿದ್ಯುತ್, ಲಿಫ್ಟ್, ಪಂಪು. ನಿರ್ವಹಣೆಯವರು ನಿಜಕ್ಕೂ ತೆರೆದು ನೋಡುವಷ್ಟು ಸಾಕು. ಅದನ್ನು ಓದಿ ಪರೀಕ್ಷಿಸಬಲ್ಲ ಎಂಜಿನಿಯರ್‌ಗಳು ಇಲಾಖೆಯೊಳಗೇ ಇರಬೇಕು. ಇಲ್ಲದಿದ್ದರೆ ಬಂದ ಫೈಲ್ ಹಾರ್ಡ್ ಡಿಸ್ಕ್‌ನಲ್ಲೇ ಕೊಳೆಯುತ್ತದೆ.

ಇದರಿಂದ ಸಣ್ಣ ಕಚೇರಿಗಳಿಗೆ ಹೊರೆಯಾಗುತ್ತದೆ ಎಂಬ ಆತಂಕ ನ್ಯಾಯವಾದದ್ದು. ಮುಕ್ತ ಮಾದರಿಯನ್ನು ಕೇಳಬೇಕಾದದ್ದು ಅದಕ್ಕೇ. ಒಂದು ಕಂಪನಿಯ ಫೈಲನ್ನೇ ಕೇಳಿದರೆ ಅದರ ವರ್ಷವರ್ಷದ ಚಂದಾ ಕಟ್ಟಲಾರದ ಹುಬ್ಬಳ್ಳಿಯ, ಕಲಬುರ್ಗಿಯ ಕಚೇರಿ ಸ್ಪರ್ಧೆಯಿಂದಲೇ ಹೊರಗುಳಿಯುತ್ತದೆ. ಐಎಫ್‌ಸಿ ಕೇಳಿದರೆ ಯಾವ ಸಾಫ್ಟ್‌ವೇರಿನಲ್ಲಿ ಮಾಡಿದರೂ ನಡೆಯುತ್ತದೆ; ಬ್ಲೆಂಡರ್ ಮೇಲೆ ಕೆಲಸ ಮಾಡುವ ಬೋನ್ಸಾಯ್, ಫ್ರೀಕ್ಯಾಡ್‌ನಂಥ ಉಚಿತ ಸಾಧನಗಳೂ ಇವೆ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆಗೆಂದು 1999ರಲ್ಲೇ ಕಾಯ್ದೆ ಮಾಡಿಕೊಂಡ ರಾಜ್ಯ ನಮ್ಮದು. ಅದರ ಆಶಯಕ್ಕೆ ಒಪ್ಪುವುದೂ ಈ ದಾರಿಯೇ.

ಕಟ್ಟಡಗಳು ಐವತ್ತು, ಎಪ್ಪತ್ತು ವರ್ಷ ನಿಲ್ಲುತ್ತವೆ. ಅವುಗಳನ್ನು ಬರೆದ ಸಾಫ್ಟ್‌ವೇರ್ ಅಷ್ಟು ಕಾಲ ಉಳಿಯುವುದಿಲ್ಲ, ಬರೆದವರೂ ಜತೆಗಿರುವುದಿಲ್ಲ. ಮುಂದೊಂದು ದಿನ ಆ ಗೋಡೆ ಒಡೆಯಬೇಕಾದ, ಆ ಸರಳು ಬದಲಿಸಬೇಕಾದ ಎಂಜಿನಿಯರ್‌ಗೆ ಅದು ಅಲ್ಲಿ ಏಕಿದೆ ಎಂದು ತಿಳಿಯಲೇಬೇಕು. ಈ ವ್ಯವಸ್ಥೆಯನ್ನು ಸಾಫ್ಟ್‌ವೇರ್ ಕಂಪನಿಗಳು ತಾವಾಗಿ ಕೊಡುವುದಿಲ್ಲ, ಗುತ್ತಿಗೆದಾರರು ಕೇಳದೆ ಮಾಡುವುದಿಲ್ಲ. ಟೆಂಡರ್ ಬರೆಯುವ ಅಧಿಕಾರಿಗಳ ಕೈಯಲ್ಲಿ ಇದು ಇವತ್ತೇ ಇದೆ. ಮುಂದಿನ ಆಸ್ಪತ್ರೆಯ ಟೆಂಡರ್‌ನಲ್ಲೇ ಅವರು ಈ ಷರತ್ತುಗಳನ್ನು ಬರೆಯಲಿ.